ವಾರ್ಡಿಗೆ ಎಷ್ಟು ಸಿಸ್ಟರ್, ಕೈಗೆ ಎಷ್ಟು ಸಂಬಳ: ಸರ್ಕಾರ ಕಾನೂನಿನಲ್ಲೇ ಬರೆಯಬೇಕೆ?

50 ಹಾಸಿಗೆಗಿಂತ ಚಿಕ್ಕ ನರ್ಸಿಂಗ್ ಹೋಮ್ ಆದರೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡುವಂತಿಲ್ಲ. 200 ಹಾಸಿಗೆ ದಾಟಿದ ಆಸ್ಪತ್ರೆಯಾದರೆ ಅದೇ ರಾಜ್ಯದ ಸರ್ಕಾರಿ ನರ್ಸ್ ಎಷ್ಟು ಪಡೆಯುತ್ತಾರೋ ಅಷ್ಟನ್ನೇ ಕೊಡಬೇಕು. ನಡುವಿನ ಗಾತ್ರದವರಿಗೆ ಸ್ವಲ್ಪ ರಿಯಾಯಿತಿ: 100ರಿಂದ 200 ಹಾಸಿಗೆಯವರು ಶೇ 10ರಷ್ಟು, 50ರಿಂದ 100 ಹಾಸಿಗೆಯವರು ಶೇ 25ರಷ್ಟು ಕಡಿಮೆ ಕೊಡಬಹುದು, ಅದಕ್ಕಿಂತ ಕೆಳಗಿಳಿಯಬಾರದು. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ಒಂದು ಸಮಿತಿ ರಚಿಸಿತು. ಆ ಸಮಿತಿ ಮಾಡಿದ ಶಿಫಾರಸು ಇದು.

ಆರೋಗ್ಯ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಕೇಂದ್ರ ರಾಜ್ಯಗಳಿಗೆ ಪತ್ರ ಬರೆದು ಕೈತೊಳೆದುಕೊಂಡಿತು. ಬಹುಪಾಲು ರಾಜ್ಯಗಳಲ್ಲಿ ಪತ್ರ ಕಡತ ಸೇರಿತು. ಕೇರಳ ಎರಡು ವರ್ಷದ ಜಗ್ಗಾಟದ ನಂತರ 2018ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು.

ಸಂಬಳದ ಜೊತೆಗೇ ಇನ್ನೊಂದು ಲೆಕ್ಕವಿದೆ, ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬುದು. ಭಾರತೀಯ ನರ್ಸಿಂಗ್ ಕೌನ್ಸಿಲ್ ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡ್‌ಗೆ ಮೂವರಿಗೊಬ್ಬರು, ಇತರ ಆಸ್ಪತ್ರೆಗಳಿಗೆ ಐವರಿಗೊಬ್ಬರು ಎಂಬ ಮಾನದಂಡ ಹಾಕಿಕೊಟ್ಟಿದೆ. ಅದು ಮುರಿದರೆ ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ, ದಂಡವೂ ಬೀಳುವುದಿಲ್ಲ. 1947ರ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ತಂದಾಗಲೂ ಗಮನವೆಲ್ಲ ಕಾಲೇಜು, ಪರೀಕ್ಷೆ, ನೋಂದಣಿಯ ಮೇಲೆಯೇ ಇತ್ತು. ಪಾಳಿಗೆ ಎಷ್ಟು ಜನ, ತಿಂಗಳಿಗೆ ಎಷ್ಟು ಹಣ ಎಂದು ಆಸ್ಪತ್ರೆಯನ್ನು ಕಟ್ಟಿಹಾಕುವ ಕಲಂ ಅದರಲ್ಲಿಲ್ಲ.

ಇವೆರಡನ್ನೂ ಸರ್ಕಾರ ಕಾನೂನಿನ ಮೂಲಕ ಕಡ್ಡಾಯ ಮಾಡಬೇಕೆ?

ಪರ: ಕಡ್ಡಾಯವಲ್ಲದ ನಿಯಮ ವಾರ್ಡ್ ಬಾಗಿಲು ದಾಟುವುದಿಲ್ಲ

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ಪಾಳಿ. 30 ಹಾಸಿಗೆಯ ಜನರಲ್ ವಾರ್ಡ್, ಡ್ಯೂಟಿಯಲ್ಲಿ ಒಬ್ಬರೇ ಸಿಸ್ಟರ್, ಜೊತೆಗೊಬ್ಬರು ಆಯಾ. 720 ನಿಮಿಷವನ್ನು 30ರಿಂದ ಭಾಗಿಸಿದರೆ ಒಬ್ಬ ರೋಗಿಗೆ ಸಿಗುವುದು 24 ನಿಮಿಷ. ಅಷ್ಟರಲ್ಲೇ ಬಿಪಿ, ನಾಡಿ, ಜ್ವರ ನೋಡಿ ಚಾರ್ಟ್‌ಗೆ ಬರೆಯಬೇಕು. ಹತ್ತು ಗಂಟೆಯ ಆ್ಯಂಟಿಬಯಾಟಿಕ್ ಕೊಡಬೇಕು, ಮುಗಿಯುತ್ತಿರುವ ಡ್ರಿಪ್ ಬದಲಿಸಬೇಕು, ಯೂರಿನ್ ಬ್ಯಾಗ್ ಅಳೆದು ಖಾಲಿ ಮಾಡಿಸಬೇಕು, ಬೆಳಗಿನ ಜಾವ ರಕ್ತದ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಬೇಕು, ಶುಗರ್ ನೋಡಿ ಇನ್ಸುಲಿನ್ ಹಾಕಬೇಕು. ನಡುವೆ ಕ್ಯಾಶುವಾಲ್ಟಿಯಿಂದ ಹೊಸ ಅಡ್ಮಿಷನ್ ಬರುತ್ತದೆ. ಯಾರಿಗಾದರೂ ಎದೆನೋವು ಶುರುವಾಯಿತೆಂದರೆ ಒಂದು ಗಂಟೆ ಅಲ್ಲೇ ಹೋಯಿತು, ಮಿಕ್ಕ 29 ಮಂದಿ ದೇವರ ಪಾಲು. ಎಂಟು ಗಂಟೆಗೆ ಸರಿಯಿದ್ದ ಬಿಪಿ ಹನ್ನೆರಡಕ್ಕೆ ಇಳಿದಿದೆ ಎಂಬುದು ಹೊತ್ತಿಗೆ ಸರಿಯಾಗಿ ಒಬ್ಬರ ಕಣ್ಣಿಗೆ ಬಿದ್ದರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಬೀಳದಿದ್ದರೆ ಬೆಳಿಗ್ಗೆ ರೌಂಡ್ಸ್‌ನಲ್ಲಿ ಗೊತ್ತಾಗುತ್ತದೆ.

ಈ ಮಾತಿಗೆ ಲೆಕ್ಕವೂ ಉಂಟು. ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಮಿಕ್ಕಿದ ರೋಗಿಗಳ ದಾಖಲೆ ಜಾಲಾಡಿ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ನಾಲ್ವರಿಗೊಬ್ಬರು, ರಾತ್ರಿ ಏಳು ಮಂದಿಗೊಬ್ಬರು ಎಂದು ಕಾನೂನು ಮಾಡಿತು. ನಿಯಮ ಬಂದ ಆಸ್ಪತ್ರೆಗಳನ್ನೂ ಬಾರದವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2021ರಲ್ಲಿ ಹೊರಬಂತು. ರೋಗಿಗಳು ಬೇಗ ಮನೆಗೆ ಹೋದದ್ದರಿಂದ, ಮತ್ತೆ ಬಂದು ಸೇರುವುದು ತಪ್ಪಿದ್ದರಿಂದ ಉಳಿದ ಹಣ, ಹೆಚ್ಚುವರಿ ನರ್ಸ್‌ಗಳಿಗೆ ತಗುಲಿದ ಖರ್ಚಿನ ಎರಡು ಪಟ್ಟು ದಾಟಿತ್ತು.

ಹಾಗಾದರೆ ಲಾಭ ಕಣ್ಣೆದುರೇ ಇರುವಾಗ ಆಸ್ಪತ್ರೆಗಳು ತಾವಾಗಿಯೇ ಏಕೆ ನರ್ಸ್‌ಗಳನ್ನು ಹೆಚ್ಚಿಸಿಕೊಳ್ಳುವುದಿಲ್ಲ? ಉಳಿತಾಯ ರೋಗಿಗೆ, ವಿಮೆಯವರಿಗೆ, ಸರ್ಕಾರದ ಬೊಕ್ಕಸಕ್ಕೆ. ಸಂಬಳದ ಖರ್ಚು ಮಾತ್ರ ಆಸ್ಪತ್ರೆಯ ಗಲ್ಲಾಪೆಟ್ಟಿಗೆಯಿಂದ. ಎಂಆರ್‌ಐ ಯಂತ್ರ ತಂದರೆ ಬಿಲ್‌ನಲ್ಲಿ ಒಂದು ಸಾಲು ಸೇರುತ್ತದೆ, ಇನ್ನೊಬ್ಬ ನರ್ಸ್ ಬಂದರೆ ಸೇರುವುದಿಲ್ಲ. ಮಾರುಕಟ್ಟೆ ತಾನಾಗಿ ತುಂಬದ ಇಂಥ ಕಡೆಯೇ ಸರ್ಕಾರದ ಕೆಲಸ ಇರುವುದು.

ಕ್ಯಾಲಿಫೋರ್ನಿಯಾದ ಕಥೆ ಇಲ್ಲಿ ಹೇಳಲೇಬೇಕಾದದ್ದು. 1999ರಲ್ಲಿ ಅಲ್ಲಿ ಕಾನೂನು ಆಯಿತು, 2004ರಿಂದ ಜಾರಿಗೆ ಬಂತು. ಸಾಮಾನ್ಯ ವಾರ್ಡ್‌ನಲ್ಲಿ ಮೊದಲು ಆರು ಮಂದಿಗೊಬ್ಬರು, ಮರುವರ್ಷದಿಂದ ಐವರಿಗೊಬ್ಬರು, ಐಸಿಯುವಿನಲ್ಲಿ ಇಬ್ಬರಿಗೊಬ್ಬರು. ಆಗ ಗವರ್ನರ್ ಆಗಿದ್ದವರು 'ಟರ್ಮಿನೇಟರ್' ಖ್ಯಾತಿಯ ಅರ್ನಾಲ್ಡ್ ಶ್ವಾರ್ಜನೆಗರ್. ಆಸ್ಪತ್ರೆಗಳ ಒತ್ತಡಕ್ಕೆ ಮಣಿದು, ಐವರಿಗೊಬ್ಬರು ಎಂಬ ಹಂತವನ್ನು 2004ರ ನವೆಂಬರ್‌ನಲ್ಲಿ ತುರ್ತು ಆದೇಶದಿಂದ ತಡೆದರು. ನರ್ಸ್‌ಗಳು ಅವರು ಹೋದ ಸಭೆ, ಸಮಾರಂಭಗಳಿಗೆಲ್ಲ ಬೆನ್ನುಬಿದ್ದು ಪ್ರತಿಭಟಿಸಿದರು, ಕೋರ್ಟಿಗೂ ಹೋದರು. 2005ರಲ್ಲಿ ನ್ಯಾಯಾಲಯ ತಡೆಯನ್ನು ಕಿತ್ತುಹಾಕಿತು. ತೆರೆಯ ಮೇಲೆ ಸೋಲದವರು ನರ್ಸ್‌ಗಳ ಮುಂದೆ ಸೋತರು. ಮಾನದಂಡ ಬರೀ ಸಲಹೆಯಾಗಿದ್ದಿದ್ದರೆ ಕೋರ್ಟಿನಲ್ಲಿ ಹಿಡಿದು ನಿಲ್ಲಲು ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಇನ್ನು ಸಂಬಳ. ಕೇಂದ್ರ ಸರ್ಕಾರದ ಆಸ್ಪತ್ರೆಗೆ ಸೇರುವ ನರ್ಸಿಂಗ್ ಆಫೀಸರ್‌ನ ಮೂಲ ವೇತನ ಏಳನೇ ವೇತನ ಆಯೋಗದ ಪ್ರಕಾರ 44,900 ರೂಪಾಯಿ. ಅದೇ ಪದವಿ, ಅದೇ ನೋಂದಣಿ ಸಂಖ್ಯೆ ಹಿಡಿದು ಊರಿನ ನರ್ಸಿಂಗ್ ಹೋಮ್‌ಗೆ ಹೋದವರು ಇದರ ಮೂರನೇ ಒಂದು ಭಾಗಕ್ಕೂ ಕೆಲಸ ಮಾಡುವುದುಂಟು. ಸಾಲ ಮಾಡಿ ಓದಿಸಿದ ಅಪ್ಪ-ಅಮ್ಮ ಬ್ಯಾಂಕಿನ ಕಂತು ಕಟ್ಟುತ್ತಿರುತ್ತಾರೆ. ಸೇರುವಾಗ ಒರಿಜಿನಲ್ ಸರ್ಟಿಫಿಕೇಟ್ ತೆಗೆದಿಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವ ಪದ್ಧತಿಯ ವಿರುದ್ಧ ಒಂದು ದಶಕಕ್ಕೂ ಹಿಂದೆಯೇ ಗಲಾಟೆಯಾಗಿತ್ತು. ಇಷ್ಟಾದರೂ ಪ್ರತಿ ಮೇ 12ರ ನರ್ಸ್‌ಗಳ ದಿನಕ್ಕೆ ಕೇಕ್, ಮೊಂಬತ್ತಿ, ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಪ್ರತಿಜ್ಞೆ ತಪ್ಪುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಈ ದಿನಕ್ಕೆಂದೇ ಹುಟ್ಟಿದಂತಿದೆ.

ಕೇರಳದಲ್ಲಿ ಇದು ಬದಲಾದದ್ದು ಯಾರ ಔದಾರ್ಯದಿಂದಲೂ ಅಲ್ಲ. 2011ರಲ್ಲಿ ಹುಟ್ಟಿದ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಆಸ್ಪತ್ರೆಯಿಂದ ಆಸ್ಪತ್ರೆಗೆ ಮುಷ್ಕರ ಹಬ್ಬಿಸಿತು. 2012ರಲ್ಲಿ ಕೋತಮಂಗಲದಲ್ಲಿ ನೂರಕ್ಕೂ ಹೆಚ್ಚು ದಿನ ನಡೆದ ಮುಷ್ಕರ ಮೂವರು ನರ್ಸ್‌ಗಳು ಕಟ್ಟಡದ ಮೇಲೇರಿ ನಿಲ್ಲುವ ತನಕ ಹೋಯಿತು. 2017ರ ಜುಲೈನಲ್ಲಿ ಸರ್ಕಾರ 20,000ಕ್ಕೆ ಒಪ್ಪಿತು, ಆದರೆ ಅಧಿಸೂಚನೆ ಬರಲಿಲ್ಲ. ಚೇರ್ತಲದಿಂದ ತಿರುವನಂತಪುರದ ಸೆಕ್ರೆಟೇರಿಯಟ್‌ವರೆಗೆ ಕಾಲ್ನಡಿಗೆಯಲ್ಲಿ ಬರುತ್ತೇವೆ ಎಂದು ನರ್ಸ್‌ಗಳು ದಿನ ಗೊತ್ತುಮಾಡಿದರು. ಹೊರಡುವ ಹಿಂದಿನ ಸಂಜೆ ಅಧಿಸೂಚನೆ ಹೊರಬಿತ್ತು.

ಕಡ್ಡಾಯ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಮೇ ತಿಂಗಳು ಸಾಕ್ಷಿ. ಕೊರೊನಾ ಏರುತ್ತಿದ್ದ ಹೊತ್ತಿಗೆ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ 300ಕ್ಕೂ ಹೆಚ್ಚು ನರ್ಸ್‌ಗಳು, ಬಹಳಷ್ಟು ಮಂದಿ ಮಣಿಪುರದವರು, ಕೆಲಸ ಬಿಟ್ಟು ಬಸ್ಸು ಹತ್ತಿದರು. ಆಸ್ಪತ್ರೆಗಳಲ್ಲಿ ಹಾಸಿಗೆಯಿತ್ತು, ವೆಂಟಿಲೇಟರ್ ಇತ್ತು, ಅದನ್ನು ನೋಡಿಕೊಳ್ಳುವ ಕೈ ಇರಲಿಲ್ಲ. ದೂರದೂರಿನಿಂದ ಬಂದು ಅಗ್ಗಕ್ಕೆ ದುಡಿಯುವ ಹುಡುಗಿಯರನ್ನೇ ನಂಬಿ ಆಸ್ಪತ್ರೆ ಕಟ್ಟುವ ರೂಢಿ ಬೆಂಗಳೂರು, ಮಂಗಳೂರಿಗೂ ಹೊಸದಲ್ಲ.

ಖರ್ಚಿನ ಮಾತನ್ನೂ ಬಿಡಿಸಿ ನೋಡೋಣ. ಅದೇ 30 ಹಾಸಿಗೆಯ ವಾರ್ಡ್, ಆರು ಮಂದಿಗೊಬ್ಬರು ಎಂದಿಟ್ಟುಕೊಂಡರೆ ಪಾಳಿಗೆ ಐವರು, ಮೂರು ಪಾಳಿಗೆ 15. ರಜೆ, ವಾರದ ಬಿಡುವಿಗೆ ಶೇ 30 ಸೇರಿಸಿದರೆ ಸುಮಾರು 20 ಮಂದಿ. ತಲಾ 20,000 ಎಂದರೆ ತಿಂಗಳಿಗೆ ನಾಲ್ಕು ಲಕ್ಷ. ವಾರ್ಡ್ ತುಂಬಿದ್ದರೆ ಒಂದು ಹಾಸಿಗೆಗೆ ದಿನಕ್ಕೆ 444 ರೂಪಾಯಿ. ಈಗ 15 ಮಂದಿಗೊಬ್ಬರಂತೆ ಎಂಟು ಜನರನ್ನು ಇಟ್ಟುಕೊಂಡು ತಲಾ 15,000 ಕೊಡುವ ಆಸ್ಪತ್ರೆಗೆ ಇದೇ ಖರ್ಚು 133 ರೂಪಾಯಿ ಬರುತ್ತದೆ. ವ್ಯತ್ಯಾಸ 311. ನಗರದ ಕಾರ್ಪೊರೇಟ್ ಆಸ್ಪತ್ರೆಯ ದಿನದ ಬಿಲ್ ಎದುರು ಈ ಮೊತ್ತವಿಟ್ಟು ನೋಡಿದರೆ 'ಮುಳುಗಿಹೋಗುತ್ತೇವೆ' ಎಂಬ ಗೋಳಿನ ತೂಕ ಎಷ್ಟೆಂದು ತಿಳಿಯುತ್ತದೆ.

ಸರ್ಕಾರ ಹೊಸ ಕಾಲೇಜು ತೆರೆಯುತ್ತಿದೆಯಲ್ಲ ಎನ್ನುವವರಿದ್ದಾರೆ. 2023ರಲ್ಲಿ ಕೇಂದ್ರ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ 1,570 ಕೋಟಿ ರೂಪಾಯಿ ಮಂಜೂರು ಮಾಡಿತು. ವರ್ಷಕ್ಕೆ 15,700 ಪದವೀಧರರು ಬರುತ್ತಾರೆಂಬ ಅಂದಾಜು. ಸಂತೋಷ. ಆದರೆ ಓದಿ ಬಂದವರಿಗೆ ಇಲ್ಲಿ ಹುದ್ದೆಯೇ ಸೃಷ್ಟಿಯಾಗದಿದ್ದರೆ, ಸೃಷ್ಟಿಯಾದದ್ದರಲ್ಲೂ ಬದುಕುವಷ್ಟು ಸಂಬಳವಿಲ್ಲದಿದ್ದರೆ, ತೂತು ಕೊಡಕ್ಕೆ ನಲ್ಲಿ ಇನ್ನಷ್ಟು ತಿರುವಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಲೆಕ್ಕದಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದಾರೆ, ಇನ್ನೂ 58 ಲಕ್ಷ ಮಂದಿ ಬೇಕು. ಹೊರಗೆ ಕೈಬೀಸಿ ಕರೆಯುವವರಿಗೆ ಕೊರತೆಯಿಲ್ಲ.

ವಿರೋಧ: ಬಿಲ್ ಕಟ್ಟುವವರು ಯಾರೆಂದು ಮೊದಲು ಹೇಳಿ

ಆ 311 ರೂಪಾಯಿಯಿಂದಲೇ ಶುರುಮಾಡಬಹುದು. ಲೆಕ್ಕ ತಪ್ಪಿಲ್ಲ, ಆದರೆ ಅದು ವಾರ್ಡ್ ಸದಾ ತುಂಬಿರುತ್ತದೆ ಎಂದು ನಂಬಿ ಹಾಕಿದ್ದು. ತಾಲ್ಲೂಕು ಊರಿನ 30 ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ದಿನಕ್ಕೆ 18 ಹಾಸಿಗೆ ತುಂಬಿದರೆ ಅದೇ ದೊಡ್ಡದು. ನಾಲ್ಕು ಲಕ್ಷದ ಸಂಬಳವನ್ನು ಆ 18 ಮಂದಿಗೆ ಹಂಚಿದರೆ ತಲಾ 740 ರೂಪಾಯಿ. ಈಗಿನ ಖರ್ಚಿಗಿಂತ 500ಕ್ಕೂ ಹೆಚ್ಚು. ಜ್ವರಕ್ಕೆ ಸೇರಿದ ಕೂಲಿಯವನ ನಾಲ್ಕು ದಿನದ ಬಿಲ್‌ಗೆ ಇನ್ನೆರಡು ಸಾವಿರ ಸೇರಿತು. ಕಾರ್ಪೊರೇಟ್ ಆಸ್ಪತ್ರೆಯ ಬಿಲ್ ಎದುರು ಇದು ಚಿಲ್ಲರೆ ಕಾಸೇ ಸರಿ. ಚಿಂತಾಮಣಿಯಲ್ಲೋ ಸಿಂದಗಿಯಲ್ಲೋ ಗಂಡ-ಹೆಂಡತಿ ಇಬ್ಬರೂ ಡಾಕ್ಟರಾಗಿ ನಡೆಸುವ ಆಸ್ಪತ್ರೆಗೆ ಹಾಗಲ್ಲ.

ಸರ್ಕಾರಿ ಯೋಜನೆಯ ರೋಗಿಯಾದರೆ ಪರಿಸ್ಥಿತಿ ಇನ್ನೂ ಬಿಗಿ. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು, ಅದು ಆರೋಗ್ಯ ಕರ್ನಾಟಕದ ಜೊತೆ ಸೇರಿತು. ಯಾವ ಚಿಕಿತ್ಸೆಗೆ ಎಷ್ಟು ಎಂಬ ಪ್ಯಾಕೇಜ್ ದರವನ್ನು ಸರ್ಕಾರವೇ ಕಟ್ಟುತ್ತದೆ. ದರ ಕಡಿಮೆ, ಅದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದು ಆಸ್ಪತ್ರೆಗಳ ಹಳೆಯ ದೂರು. ಒಂದು ಕೈಯಲ್ಲಿ ದರಕ್ಕೆ ಮಿತಿ, ಇನ್ನೊಂದು ಕೈಯಲ್ಲಿ ಸಂಬಳಕ್ಕೆ ನೆಲಗಟ್ಟು ಹಾಕುವ ಸರ್ಕಾರ ನಡುವಿನ ಅಂತರವನ್ನು ತುಂಬಿಕೊಡದಿದ್ದರೆ, ಆಸ್ಪತ್ರೆ ಯೋಜನೆಯಿಂದ ಹೊರಬೀಳುತ್ತದೆ. ಆಗ ನಷ್ಟ ಬಿಪಿಎಲ್ ಕಾರ್ಡ್ ಹಿಡಿದು ಬಂದವನಿಗೆ. ಕ್ವೀನ್ಸ್‌ಲ್ಯಾಂಡ್ ನಿಯಮ ಹೇರಿದ್ದು ತಾನೇ ಹಣ ಕೊಟ್ಟು ನಡೆಸುವ ಆಸ್ಪತ್ರೆಗಳ ಮೇಲೆ ಎಂಬುದನ್ನು ಪರ ವಾದಿಸುವವರು ಮೆಲ್ಲಗೆ ದಾಟಿಬಿಡುತ್ತಾರೆ.

ಬೇರೆ ದೇಶದ ಉದಾಹರಣೆ ಬೇಕೆಂದರೆ ಎರಡೂ ಕಡೆಯದನ್ನು ನೋಡಬೇಕು. ಅಮೆರಿಕದ್ದೇ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2018ರ ನವೆಂಬರ್‌ನಲ್ಲಿ ಇದೇ ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಶೇ 70ರಷ್ಟು ಮತದಾರರು ಬೇಡವೆಂದರು. ಇಂಗ್ಲೆಂಡಿನಲ್ಲಿ ಸ್ಟಾಫರ್ಡ್ ಆಸ್ಪತ್ರೆಯ ಹಗರಣದ ನಂತರ, ಹಣ ಉಳಿಸಲು ನರ್ಸ್‌ಗಳನ್ನು ಕಡಿತ ಮಾಡಿದ್ದೂ ರೋಗಿಗಳ ದುರ್ಗತಿಗೆ ಒಂದು ಕಾರಣ ಎಂದು ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣೆ 2013ರಲ್ಲಿ ಹೇಳಿತು. ವೇಲ್ಸ್ 2016ರಲ್ಲಿ ಕಾನೂನು ಮಾಡಿತು. ಇಂಗ್ಲೆಂಡ್ ಮಾಡಲಿಲ್ಲ, ಸಂಖ್ಯೆ ನಿಗದಿಪಡಿಸುವ ತಜ್ಞ ಸಂಸ್ಥೆಯ ಕೆಲಸವನ್ನೂ 2015ರಲ್ಲಿ ನಿಲ್ಲಿಸಿತು. ಐರ್ಲೆಂಡ್ ಗಟ್ಟಿ ಅನುಪಾತದ ಬದಲು ರೋಗಿಯ ಸ್ಥಿತಿ ನೋಡಿ ದಿನಕ್ಕೆ ಎಷ್ಟು ಗಂಟೆಯ ಶುಶ್ರೂಷೆ ಬೇಕೆಂದು ಲೆಕ್ಕ ಹಾಕುವ ದಾರಿ ಹಿಡಿಯಿತು. ಹರ್ನಿಯಾ ಆಪರೇಷನ್ ಆಗಿ ನಾಳೆ ಮನೆಗೆ ಹೊರಟವನೂ, ಪಾರ್ಶ್ವವಾಯು ಬಡಿದು ಮಗ್ಗುಲು ಬದಲಿಸಲಾಗದವನೂ ಒಂದೇ ವಾರ್ಡ್‌ನಲ್ಲಿ ಮಲಗಿರುವಾಗ 'ಆರಕ್ಕೆ ಒಂದು' ಎಂಬುದು ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ.

'ಲ್ಯಾನ್ಸೆಟ್'ನ ಶೇ 7ರ ಮಾತೂ ಅಷ್ಟೆ. ನರ್ಸ್‌ಗಳು ಹೆಚ್ಚಿರುವ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಡಾಕ್ಟರ್, ಲ್ಯಾಬ್, ಔಷಧ, ಆಡಳಿತ ಎಲ್ಲವೂ ಮೇಲಿರುತ್ತದೆ. ಎಷ್ಟು ಪಾಲು ನರ್ಸ್‌ಗಳದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. (ಈ ಆಕ್ಷೇಪ ಪುಸ್ತಕದ ಮಟ್ಟಿಗೆ ಸರಿ. 30 ಮಂದಿಗೊಬ್ಬರು ಇರುವ ವಾರ್ಡ್ ಕಂಡವರಿಗೆ ಇದು ತುಸು ನಾಜೂಕಿನ ಆಕ್ಷೇಪವಾಗಿಯೇ ಕಾಣುತ್ತದೆ.)

ನಿಜವಾದ ತೊಡಕು ಬೇರೆಯಿದೆ. ಭಾರತದಲ್ಲಿ ನಿಯಮ ಬರೆಯುವುದು ಸುಲಭ, ನಿಯಮ ಪಾಲನೆಯಾಗಿದೆ ಎಂಬ ಸರ್ಟಿಫಿಕೇಟ್ ಬರೆಸುವುದು ಅದಕ್ಕಿಂತ ಸುಲಭ. ಮಧ್ಯಪ್ರದೇಶದಲ್ಲಿ ಕಟ್ಟಡ, ಬೋಧಕರು, ಆಸ್ಪತ್ರೆ ಸರಿಯಾಗಿಲ್ಲದೆಯೇ ನರ್ಸಿಂಗ್ ಕಾಲೇಜುಗಳು ಮಾನ್ಯತೆ ಪಡೆದಿವೆ ಎಂಬ ದೂರು ಹೈಕೋರ್ಟ್ ಮುಟ್ಟಿತು. ಕೋರ್ಟ್ ಸಿಬಿಐಗೆ ತಪಾಸಣೆ ವಹಿಸಿತು. 2024ರ ಮೇ ತಿಂಗಳಲ್ಲಿ ಸಿಬಿಐ ತನ್ನದೇ ತಂಡದ ಅಧಿಕಾರಿಗಳನ್ನು ಬಂಧಿಸಬೇಕಾಯಿತು. ಕಾಲೇಜುಗಳಿಂದ ಲಂಚ ಪಡೆದು 'ಎಲ್ಲ ಸರಿಯಿದೆ' ಎಂದು ವರದಿ ಕೊಡುತ್ತಿದ್ದರೆಂಬುದು ಆರೋಪ. ಕಾವಲುಗಾರನ ಮೇಲೊಬ್ಬ ಕಾವಲುಗಾರ, ಅವನ ಮೇಲೂ ಒಬ್ಬ. ವರ್ಷಕ್ಕೊಮ್ಮೆ ಕಾಲೇಜು ನೋಡುವುದರಲ್ಲೇ ಈ ಗತಿಯಾದರೆ, ಪ್ರತಿ ವಾರ್ಡ್‌ನಲ್ಲಿ ದಿನಕ್ಕೆ ಮೂರು ಪಾಳಿ ನರ್ಸ್‌ಗಳ ತಲೆ ಎಣಿಸುವವರು ಯಾರು? ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಇರುವ ನಾಲ್ಕು ಗುಮಾಸ್ತರೇ?

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿಗೆ ದಾರಿಗಳು ಬೇಕಾದಷ್ಟಿವೆ. ಬ್ಯಾಂಕ್ ಖಾತೆಗೆ 20,000 ಹಾಕಿ ಐದು ಸಾವಿರ ವಾಪಸ್ ತೆಗೆದುಕೊಳ್ಳಬಹುದು. ನರ್ಸ್ ಎಂಬ ಹುದ್ದೆಯನ್ನೇ ತೆಗೆದು 'ಟ್ರೇನಿ' ಎಂದು ಬರೆಯಬಹುದು. ತಮ್ಮದೇ ಕಾಲೇಜಿನ ವಿದ್ಯಾರ್ಥಿನಿಯರನ್ನು ಕ್ಲಿನಿಕಲ್ ಪೋಸ್ಟಿಂಗ್ ಹೆಸರಲ್ಲಿ ರಾತ್ರಿ ಪಾಳಿಗೆ ನಿಲ್ಲಿಸಬಹುದು. ಇನ್ನೂ ಕೆಟ್ಟದ್ದೆಂದರೆ ಕೋರ್ಸೇ ಮಾಡದ, ಊರಿನಲ್ಲೇ ಕೆಲಸ ಕಲಿತ ಹುಡುಗಿಗೆ ಬಿಳಿ ಕೋಟು ಹಾಕಿಸಬಹುದು. ಸಂಬಳದ ನೆಲಗಟ್ಟು ಏರಿದಷ್ಟೂ ಈ ಆಸೆ ಬಲಿಯುತ್ತದೆ. ಕೊನೆಗೆ ಕಾನೂನು ಪಾಲಿಸುವ ಆಸ್ಪತ್ರೆಯೇ ದುಬಾರಿಯಾಗಿ, ಪಾಲಿಸದ್ದು ಅಗ್ಗವಾಗಿ ಕಾಣುತ್ತದೆ.

ಕೇರಳದ ಕಥೆಯೂ 2018ಕ್ಕೆ ಮುಗಿಯಲಿಲ್ಲ. ಮ್ಯಾನೇಜ್‌ಮೆಂಟ್‌ಗಳು ಹೈಕೋರ್ಟಿಗೆ ಹೋದವು. ಐದು ವರ್ಷ ಕಳೆದು 2023ರಲ್ಲಿ ತ್ರಿಶೂರಿನ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ದಿನಕ್ಕೆ 1,500 ರೂಪಾಯಿ ಕೊಡಿ ಎಂದು ಮತ್ತೆ ಮುಷ್ಕರ ಹೂಡಬೇಕಾಯಿತು. ಬೆಲೆ ಏರುತ್ತಲೇ ಇರುತ್ತದೆ, ಅಧಿಸೂಚನೆಯ ಸಂಖ್ಯೆ ಅಲ್ಲೇ ಕೂತಿರುತ್ತದೆ. ವಲಸೆ ನಿಂತಿತೇ ಎಂದರೆ ಅದೂ ಇಲ್ಲ. ಬ್ರಿಟನ್‌ನಲ್ಲಿ ಹೊಸದಾಗಿ ಸೇರುವ ನರ್ಸ್‌ಗೆ ವರ್ಷಕ್ಕೆ ಸುಮಾರು 30,000 ಪೌಂಡ್. ಅದರ ಎದುರು 20,000 ರೂಪಾಯಿ ಇದ್ದರೇನು, 30,000 ಇದ್ದರೇನು? ಮಂಗಳೂರಿನಲ್ಲಿ ಓದಿ ಐರ್ಲೆಂಡಿಗೋ ಕುವೈತಿಗೋ ಹೊರಟವರನ್ನು ಈ ನೆಲಗಟ್ಟು ಹಿಡಿದು ನಿಲ್ಲಿಸುವುದಿಲ್ಲ.

ಕೊನೆಯದಾಗಿ, ನೈತಿಕ ಹಕ್ಕಿನ ಪ್ರಶ್ನೆ. ಖಾಸಗಿಯವರಿಗೆ ಬುದ್ಧಿ ಹೇಳುವ ಸರ್ಕಾರ ತನ್ನ ನರ್ಸ್‌ಗಳನ್ನು ಹೇಗೆ ನಡೆಸಿಕೊಳ್ಳುತ್ತಿದೆ? ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಅದರಡಿ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿಯುವ ಶುಶ್ರೂಷಾಧಿಕಾರಿಗಳು ಗುತ್ತಿಗೆಯವರು. ಪಕ್ಕದ ಕುರ್ಚಿಯ ಕಾಯಂ ಸಹೋದ್ಯೋಗಿಯದ್ದೇ ಕೆಲಸ, ಅವರದ್ದೇ ರೋಸ್ಟರ್, ಸಂಬಳ ಮಾತ್ರ ಬೇರೆ. 2023ರ ಆರಂಭದಲ್ಲಿ ಇಂಥ ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. 'ಸ್ಟಾಫ್ ನರ್ಸ್' ಎಂಬ ಹೆಸರು ತೆಗೆದು 'ಶುಶ್ರೂಷಾಧಿಕಾರಿ' ಎಂದು ಬೋರ್ಡ್ ಬರೆಸಿದ್ದಾಗಿದೆ. ಅಧಿಕಾರಿ ಧರಣಿಯಲ್ಲಿ ಕೂತಿದ್ದರು.

ಹಾಗಾಗಿ ಕಾನೂನು ಬೇಡವೇ ಬೇಡ ಎಂದಲ್ಲ, ಕ್ರಮ ತಿರುಗುಮುರುಗಾಗಿದೆ ಎಂಬುದು ವಿರೋಧದ ನಿಲುವು. ಮೊದಲು ಸರ್ಕಾರಿ ಆಸ್ಪತ್ರೆಯ ಖಾಲಿ ಹುದ್ದೆ ತುಂಬಲಿ, ಗುತ್ತಿಗೆಯವರಿಗೆ ಸಮಾನ ವೇತನ ಕೊಡಲಿ. ಪ್ಯಾಕೇಜ್ ದರದಲ್ಲಿ ನರ್ಸ್‌ಗಳ ಪಾಲು ಎಂದು ಒಂದು ಸಾಲು ಸೇರಿಸಲಿ. ಐಸಿಯು, ಹೆರಿಗೆ ಕೋಣೆ, ನವಜಾತ ಶಿಶು ಘಟಕದಂಥ ಜೀವ ಹೋಗುವ ಜಾಗಗಳಿಗೆ ಮಾತ್ರ ಅನುಪಾತ ಹೇರಲಿ. ಸರ್ಕಾರವೇ ಸರಿಯಾದ ಸಂಬಳ ಕೊಟ್ಟು ಸಾಕಷ್ಟು ಹುದ್ದೆ ತೆರೆದರೆ ಖಾಸಗಿಯವರು ಜನರನ್ನು ಉಳಿಸಿಕೊಳ್ಳಲು ತಾವಾಗಿಯೇ ಏರಿಸುತ್ತಾರೆ.

ಪರ, ಮತ್ತೊಮ್ಮೆ

ಇದಕ್ಕೆ ಪರ ವಾದಿಸುವವರ ಉತ್ತರ ಚಿಕ್ಕದು, ಖಾರವಾದದ್ದು. ಖಾಲಿ ಹಾಸಿಗೆಯ ಲೆಕ್ಕವನ್ನು ಅವರು ಒಪ್ಪುತ್ತಾರೆ. ಆದರೆ ಕ್ಯಾಲಿಫೋರ್ನಿಯಾ ಎಣಿಸುವುದು ಹಾಸಿಗೆಯನ್ನಲ್ಲ, ಆ ಹೊತ್ತಿಗೆ ಮಲಗಿರುವ ರೋಗಿಗಳನ್ನು. 18 ಮಂದಿ ಇದ್ದರೆ ಪಾಳಿಗೆ ಮೂವರು ಸಾಕು. ಆಗ ತಲಾ ಖರ್ಚು ಹಿಂದಿನ 444ರ ಆಸುಪಾಸಿಗೇ ಬರುತ್ತದೆ. ಸಣ್ಣ ಆಸ್ಪತ್ರೆಗೆ ಹಂತಹಂತವಾಗಿ ಕಾಲಾವಕಾಶ ಕೊಡುವುದಕ್ಕೂ, ಐಸಿಯುವಿನಿಂದ ಶುರುಮಾಡುವುದಕ್ಕೂ ಅವರ ತಕರಾರಿಲ್ಲ. ಮೋಸ ನಡೆಯುತ್ತದೆ ಎಂಬ ಕಾರಣಕ್ಕೆ ಕಾನೂನೇ ಬೇಡವೆಂದರೆ ಆದಾಯ ತೆರಿಗೆಯನ್ನೂ ರದ್ದು ಮಾಡಬೇಕಾಗುತ್ತದೆ ಎಂದು ಅವರು ನಗುತ್ತಾರೆ.

ಒಪ್ಪದ ಮಾತು ಒಂದೇ: ಮೊದಲು ಬೇರೆಲ್ಲ ಸರಿಮಾಡಿ, ಕಾನೂನು ಆಮೇಲೆ ಎಂಬುದು. ಆ 'ಆಮೇಲೆ' ಎಂಥದ್ದು ಎಂದು ಕರ್ನಾಟಕಕ್ಕೆ ಗೊತ್ತು. 2017ರ ನವೆಂಬರ್‌ನಲ್ಲಿ, ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು, ವೈದ್ಯರು ಬೆಳಗಾವಿ ಅಧಿವೇಶನದ ಹೊರಗೆ ಬಂದು ಕೂತರು. ಮಸೂದೆ ಹಲ್ಲು ಕಳೆದುಕೊಂಡೇ ಪಾಸಾಯಿತು. ಅಷ್ಟಾದರೂ ದರಪಟ್ಟಿ ಪ್ರದರ್ಶಿಸುವ ಹೊಣೆ, ರೋಗಿಗಳ ಹಕ್ಕಿನ ಸನ್ನದು ಅದರೊಳಗೆ ಉಳಿದವು. ಆ ಕಾಯ್ದೆಯಡಿ ನೋಂದಣಿ ನವೀಕರಿಸುವಾಗ ಪಾಳಿವಾರು ನರ್ಸ್‌ಗಳ ಪಟ್ಟಿ ಕೇಳುವುದಕ್ಕೆ ಹೊಸ ಇಲಾಖೆ ಬೇಕಿಲ್ಲ.

ಎರಡೂ ಕಡೆಯವರು ಜಗಳವಾಡದ ಜಾಗವೂ ಒಂದಿದೆ. ಫ್ರಾನ್ಸಿಸ್ ವರದಿಯ ನಂತರ ಕಾನೂನು ಮಾಡದ ಇಂಗ್ಲೆಂಡ್ ಕೂಡ 2014ರಿಂದ ಒಂದು ಕೆಲಸ ಮಾಡಿತು. ಈ ಪಾಳಿಗೆ ಎಷ್ಟು ನರ್ಸ್‌ಗಳು ಇರಬೇಕಿತ್ತು, ಎಷ್ಟು ಮಂದಿ ಇದ್ದಾರೆ ಎಂದು ವಾರ್ಡ್‌ನಲ್ಲೇ ಬೋರ್ಡ್ ಮೇಲೆ ಬರೆದು ಹಾಕಬೇಕು, ತಿಂಗಳ ಲೆಕ್ಕ ಪ್ರಕಟಿಸಬೇಕು. ಜಿಲ್ಲಾಸ್ಪತ್ರೆಗಳಲ್ಲಿ ಇದನ್ನು ಮಾಡಲು ವಿಧಾನಮಂಡಲ ಸೇರಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು. ರಾತ್ರಿ ಎರಡು ಗಂಟೆಗೆ ಅಮ್ಮನ ಡ್ರಿಪ್ ಮುಗಿದು ರಕ್ತ ಮೇಲೇರುತ್ತಿರುವುದನ್ನು ಕಂಡು 'ಸಿಸ್ಟರ್' ಎಂದು ಕೂಗುತ್ತಾ ಓಡಿ ಬಂದವರು ಮೊದಲು ಆ ಬೋರ್ಡ್ ಓದಲಿ, ಆಮೇಲೆ ಯಾರ ಮೇಲೆ ಕೂಗಾಡಬೇಕೆಂದು ತೀರ್ಮಾನಿಸಲಿ.